ಮಾತು ಎತ್ತಿಕೊಟ್ಟವಳು

ಬುಡಾಪೆಸ್ಟ್
11 ಮಾರ್ಚ್ 1974

ಪ್ರಿಯ ಎತೆಲ್ಕಾ,

ನಿಂತಿದ್ದರೆ ಕೂತುಕೋ, ಕೂತಿದ್ದರೆ ಏಳು, ನಿನಗೆ ಹೇಗೆ ಅನುಕೂಲವೋ ಹಾಗಿದ್ದು ಈ ಸುದ್ದಿ ಓದು. ಮೂರು ವರ್ಷದಿಂದ ಮನೆಯಲ್ಲಿ ಕೂತು ಕಿಟಕಿಯ ಹೂಕುಂಡಗಳಿಗೆ ನೀರು ಹಾಕುತ್ತಿದ್ದ ಕೆರ್ತಾಯಿ ವಿದೋರ್ ಮತ್ತೆ ಬಣ್ಣ ಹಚ್ಚುತ್ತಿದ್ದಾನೆ! ಅದೂ ರಂಗದ ಮೇಲಲ್ಲ, ಟೆಲಿವಿಷನ್ನಿನಲ್ಲಿ. ನಾವೆಲ್ಲ ಐದನೇ ತರಗತಿಯಲ್ಲಿ ಓದಿ ಹೆದರಿ ಹಾಸಿಗೆಯೊಳಗೆ ಮುದುಡಿಕೊಂಡ ಆ 'ಹನ್ನೆರಡು ಬೆಳ್ಳಿ ಚಮಚ' ಕಥೆಯನ್ನು ಟಿವಿಗೆಂದು ಸಿನಿಮಾ ಮಾಡುತ್ತಿದ್ದಾರೆ. ಚಮಚ ಕದ್ದಳೆಂದು ಮನೆಗೆಲಸದ ವೆರೋನ್‌ಳನ್ನು ಗಲ್ಲಿಗೆ ಕಳಿಸಿ, ಆಮೇಲೆ ಅದೇ ಚಮಚಗಳು ತನ್ನ ಬೀರುವಿನಲ್ಲೇ ಸಿಕ್ಕರೂ ತುಟಿ ಬಿಚ್ಚದೆ ಸತ್ತ ಆ ನ್ಯಾಯಾಧೀಶ ನಾನೇ. ಸತ್ತ ಮೇಲೂ ವರ್ಷಕ್ಕೊಮ್ಮೆ ಬಂದು, ಅದೇ ಮೇಜಿನ ಮುಂದೆ ಕೂತು, ಅದೇ ತೀರ್ಪನ್ನು ಹೇಳಲೇಬೇಕಾದ ಪ್ರೇತವೂ ನಾನೇ.

ನಿರ್ದೇಶಕ ಬಾಲಿಂತ್‌ಗೆ ಇಪ್ಪತ್ತೊಂಬತ್ತು ವರ್ಷ. ಮುಖದ ತುಂಬ ಗಡ್ಡ. "ಕಲಾವಿದರೇ, ತೀರ್ಪಿನ ದೃಶ್ಯ ಪೂರ್ತಿ ಒಂದೇ ಶಾಟಲ್ಲಿ ತೆಗೀತೀನಿ. ಒಂಬತ್ತು ನಿಮಿಷ. ಕ್ಯಾಮೆರಾ ನಿಮ್ಮ ಮುಖ ಬಿಟ್ಟು ಕದಲಲ್ಲ, ನೀವೂ ಕಣ್ಣು ಕೆಳಗಿಳಿಸ್ಬಾರದು" ಅಂದ. "ಒಂಬತ್ತು ನಿಮಿಷ ನನ್ನ ಮುಖಕ್ಕೆ ಸಾಲಲ್ಲ ಮರಿ" ಅಂದೆ. ಹುಡುಗ ತಬ್ಬಿಬ್ಬಾದ.

ಚಿತ್ರೀಕರಣ ಉತ್ತರದ ಗುಡ್ಡಗಳ ನಡುವಿನ ಒಂದು ಹಳೆಯ ಬಂಗಲೆಯಲ್ಲಿ. ಅಲ್ಲಿನ ಗಾಳಿ ನಿನ್ನ ಕೆಮ್ಮಿಗೆ ಒಳ್ಳೆಯದಂತೆ. ಎರಡು ವಾರ ಬಂದು ಇದ್ದು ಹೋಗಬಾರದೇ? ಹಳೆಯ ಗೆಳತಿ ಹತ್ತಿರವಿದ್ದರೆ ನನಗೂ ಹೊತ್ತು ಹೋಗುತ್ತದೆ. ಬೇರೆ ಯಾವ ಕಾರಣವೂ ಇಲ್ಲ.

ನಿನ್ನ
ವಿದೋರ್


ಬಾಯಾ
16 ಮಾರ್ಚ್ 1974

ಮಾನ್ಯ ಕಲಾವಿದರಿಗೆ,

ಅಭಿನಂದನೆಗಳು. ಸುದ್ದಿಯನ್ನು ನಿಂತೇ ಓದಿದೆ, ಕೈಯಲ್ಲಿ ಅರ್ಧ ಹೆಚ್ಚಿದ ಮೀನಿತ್ತು.

ನನಗೆ ಕೆಮ್ಮಿಲ್ಲ. ಎಂದೂ ಇರಲಿಲ್ಲ. ರಂಗದ ಅಂಚಿನ ಆ ಗೂಡಿನಲ್ಲಿ ಮೂವತ್ತೊಂದು ವರ್ಷ ಕೂತು ನಿಮಗೆಲ್ಲ ಮಾತು ಎತ್ತಿಕೊಟ್ಟವಳು ನಾನು. ಕೆಮ್ಮುವ ಪ್ರಾಂಪ್ಟರನ್ನು ಎರಡನೇ ದಿನಕ್ಕೇ ಮನೆಗೆ ಕಳಿಸುತ್ತಾರೆ. ಆದ್ದರಿಂದ ನಿಮ್ಮ ಪತ್ರದ ಒಳಗುಟ್ಟು ಅರ್ಥವಾಯಿತು. ಪಾಪ ಎತೆಲ್ಕಾ, ನಿವೃತ್ತಳಾಗಿ ತಂಗಿಯ ಮನೆಯ ಮೂಲೆಯಲ್ಲಿ ಕೊಳೆಯುತ್ತಿದ್ದಾಳೆ, ನಾಲ್ಕು ದಿನ ಕರೆದು ಊಟ ಹಾಕಿ ಕಳಿಸೋಣ ಅಂತ ತಾನೇ? ನಾನು ಕೊಳೆಯುತ್ತಿಲ್ಲ. ಇಲ್ಲಿ ದಾನ್ಯೂಬ್ ಇದೆ, ಶಾವಿಗೆ ಹಾಕಿದ ಮೀನಿನ ಸಾರಿದೆ, ಪಕ್ಕದ ಮನೆಯ ಪಿರೋಶ್ಕಾಳ ಹತ್ತಿರ ಟಿವಿ ಇದೆ. ಸೋಮವಾರ ಹೇಗೂ ಟಿವಿಗೆ ರಜೆ, ಉಳಿದ ಆರು ದಿನ ನಾನು ಅಲ್ಲೇ. ನಿಮ್ಮ ಪ್ರೇತವನ್ನೂ ಅಲ್ಲೇ ನೋಡುತ್ತೇನೆ. ಕನಿಕರ ಬೇಡ.

ಒಂದು ಮಾತು ಮಾತ್ರ. ಆ ಕಥೆಯ ನಲವತ್ತೊಂದನೇ ಪುಟದಲ್ಲಿ ಒಂದು ಸಾಲಿದೆ: 'ಪ್ರತಿ ಮಾತಿಗೂ ಮುಂಚೆ ಅವನು ಕಿವಿಗೊಟ್ಟು ಏನನ್ನೋ ಆಲಿಸಿದ.' ಇದುವರೆಗೆ ನಾಟಕ ಮಾಡಿದವರೆಲ್ಲ ಅದನ್ನು ಹಾರಿಸಿಬಿಟ್ಟರು. ಸತ್ತವನು ಏನನ್ನು ಆಲಿಸುತ್ತಾನೆ ಎಂದು ನಾನು ಐದನೇ ತರಗತಿಯಲ್ಲಿ ಮೇಡಂ ಅವರನ್ನು ಕೇಳಿ ಬೈಸಿಕೊಂಡಿದ್ದೆ. ನಿಮ್ಮ ಗಡ್ಡದ ಹುಡುಗನಾದರೂ ಗಮನಿಸಲಿ.

ಗೌರವಪೂರ್ವಕವಾಗಿ,
ಬೊರ್ಬಾಶ್ ಎತೆಲ್ಕಾ


ಬುಡಾಪೆಸ್ಟ್
20 ಮಾರ್ಚ್ 1974

ಎತೆಲ್ಕಾ,

ಕನಿಕರ ನಿನ್ನ ಮೇಲಲ್ಲ. ನೀನೇ ನನ್ನ ಮೇಲೆ ಇಡಬೇಕು.

ತೀರ್ಪು ಮೂರನೇ ವಾಕ್ಯ ದಾಟುತ್ತಿಲ್ಲ. ಕನ್ನಡಿಯ ಮುಂದೆ ನಿಂತು ಶುರು ಮಾಡುತ್ತೇನೆ, 'ಈ ನ್ಯಾಯಪೀಠದ ಮುಂದೆ' ಅನ್ನುವಲ್ಲಿಗೆ ಬರುವಷ್ಟರಲ್ಲಿ ಒರೆಸಿ ಹಾಕಿದ ಹಲಗೆಯ ಹಾಗೆ ತಲೆ ಖಾಲಿ. ಇದು ವಯಸ್ಸಿನದ್ದಲ್ಲ, ಈ ವಸಂತದ ಹವೆಯೇ ಸರಿಯಿಲ್ಲ. ಯಾರಿಗೂ ಗೊತ್ತಾಗಬಾರದು. ಗೊತ್ತಾದರೆ ಮರುದಿನವೇ ಬೇರೊಬ್ಬ ಮುದುಕ ನನ್ನ ಕಪ್ಪು ನಿಲುವಂಗಿ ತೊಟ್ಟಿರುತ್ತಾನೆ, ಕೆರ್ತಾಯಿಗೆ ಅರಳುಮರಳು ಎಂದು ಊರೆಲ್ಲ ಆಡಿಕೊಳ್ಳುತ್ತದೆ.

ಬಂಗಲೆಗೆ ಹೋಗಿ ಮೇಜು ನೋಡಿ ಬಂದೆ. ಓಕ್ ಮರದ್ದು, ಮೂರು ಕಡೆಯೂ ನೆಲದವರೆಗೆ ಹಲಗೆ, ಒಳಗೆ ಒಂದು ಕರು ಮಲಗುವಷ್ಟು ಜಾಗ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹಿಂಬಾಗಿಲಿನಿಂದ ಬಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ನಿನ್ನ ಪಿಸುಮಾತು ಎಂದಾದರೂ ಮೊದಲ ಸಾಲಿನವರಿಗೆ ಕೇಳಿಸಿದೆಯೇ? ಇಲ್ಲಿ ಮೊದಲ ಸಾಲೇ ಇಲ್ಲ!

ಬಾ.

ವಿ.


ತಂತಿ
ಬಾಯಾ, 25 ಮಾರ್ಚ್ 1974

ಗುರುವಾರ ಸಂಜೆ ರೈಲಿಗೆ ಬರುವೆ. ಮೇಜಿನಡಿ ದಿಂಬು ಇಡಿ. ಮಂಡಿನೋವು. ಎತೆಲ್ಕಾ.


ಬಾಯಾ
9 ಏಪ್ರಿಲ್ 1974

ಮಾನ್ಯರೇ,

ನಿಮ್ಮ ಕರವಸ್ತ್ರ ನನ್ನ ಕೋಟಿನ ಜೇಬಿನಲ್ಲಿ ಉಳಿದಿತ್ತು. ಒಗೆದು ಇಸ್ತ್ರಿ ಮಾಡಿ ಇದರ ಜೊತೆ ಇಟ್ಟಿದ್ದೇನೆ.

ನಾಲ್ಕು ದಿನ ಆ ಮೇಜಿನಡಿ ಕೂತೆ. ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಬಿಗಿದಿದ್ದರಿಂದ ನಡುಹಗಲಲ್ಲೂ ಕತ್ತಲೆ. ಪುಸ್ತಕ ಬೇಕಿರಲಿಲ್ಲ, ನಿಮ್ಮ ಬೂಟು ಕಂಡರೆ ನನಗೆ ಸಾಕು. ಎಡ ಬೂಟು ಒಳಕ್ಕೆ ತಿರುಗಿತೆಂದರೆ ಮಾತು ಕೈಕೊಟ್ಟಿದೆ ಎಂದರ್ಥ. ಈ ಸಲ ಅದು ಒಳಕ್ಕೆ ತಿರುಗಿದ್ದು ಆಚೆ ತಿರುಗಲೇ ಇಲ್ಲ. ಒಂದೊಂದು ಮಾತನ್ನೂ ಅರ್ಧ ಉಸಿರು ಮುಂಚೆ ಕೊಟ್ಟೆ. ಒಂಬತ್ತು ನಿಮಿಷ, ಮೊದಲಿಂದ ಕೊನೆಯವರೆಗೆ, ಆರು ಸಲ. ಆರನೇ ಸಲ ನೀವು ಎಷ್ಟು ಚೆನ್ನಾಗಿ ಮಾಡಿದಿರೆಂದರೆ ಮೇಜಿನಡಿಯಲ್ಲೇ ನನಗೆ ಕಣ್ಣು ತುಂಬಿ ಬಂತು.

ಆ ದರಿದ್ರ ಮೈಕನ್ನು ಮೇಜಿನ ಮೇಲಿನ ಶಾಯಿಕುಡಿಕೆಯೊಳಗೇ ಬಚ್ಚಿಟ್ಟಿದ್ದಾರೆಂದು ನಿಮಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನಾಟಕದವರ ಬುದ್ಧಿ ನಮ್ಮದು. ಜನರ ಕಿವಿಗೆ ಬೀಳದ್ದು ಯಾರ ಕಿವಿಗೂ ಬೀಳುವುದಿಲ್ಲವೆಂದು ನಂಬಿದೆವು. ನಾಲ್ಕನೇ ದಿನ ಟೇಪ್ ಹಾಕಿ ಕೇಳಿದ ಧ್ವನಿಮುದ್ರಣದ ದೆಝೋ ಓಡಿ ಬಂದು, "ಟೇಪ್ ಪೂರ್ತಿ ಯಾರೋ ಪಿಸಪಿಸ ಅಂತಿದ್ದಾರೆ! ನಾಲ್ಕು ದಿನದ ಕೆಲಸ ನೀರಲ್ಲಿ ಹೋಯ್ತು!" ಎಂದು ಕೂಗಾಡಿ, ಬಗ್ಗಿ, ನನ್ನ ತೋಳು ಹಿಡಿದು ಹೊರಗೆಳೆದಾಗ ನಾನು ನಿಮ್ಮ ಮುಖ ನೋಡಿದೆ.

ನೀವೇನೆಂದಿರಿ? "ಈ ಹೆಂಗಸು ಯಾರೋ ನಂಗೊತ್ತಿಲ್ಲ. ನೆಲ ಒರೆಸೋಕೆ ಬಂದವಳಿರ್ಬೇಕು."

ನಾನು ಒಂದು ಮಾತೂ ಆಡದೆ ಬಂದುಬಿಟ್ಟೆ. ಆಡಿದ್ದರೆ ನಿಮ್ಮ ಗುಟ್ಟು ರಟ್ಟಾಗುತ್ತಿತ್ತು. ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು, ಕಥೆಯ ನ್ಯಾಯಾಧೀಶನೂ ಹೀಗೇ ಅಲ್ಲವೇ, ಸುಳ್ಳೆಂದು ಗೊತ್ತಾದ ಮೇಲೂ ತಪ್ಪನ್ನು ಕೆಲಸದವಳ ಮೇಲೇ ಬಿಟ್ಟಿದ್ದು.

ಇನ್ನೂ ಒಂದು ವಿಷಯ. ಇದು ಈ ವಸಂತದ ಹವೆಯಲ್ಲ. ನಿಮಗೆ ಮರೆವು ಶುರುವಾಗಿ ಎಂಟು ವರ್ಷವಾಯಿತು. ಐದು ವರ್ಷ ಪ್ರತಿದಿನ ಅದನ್ನು ಮುಚ್ಚಿಟ್ಟವಳು ನಾನು. ನಿಮಗೆ ಮುಜುಗರವಾಗಬಾರದೆಂದು ನಿಮ್ಮ ಹತ್ತಿರವೂ ಮುಚ್ಚಿಟ್ಟೆ.

ಉತ್ತರ ಬೇಡ.

ಬೊರ್ಬಾಶ್ ಎತೆಲ್ಕಾ


ಬುಡಾಪೆಸ್ಟ್
20 ಏಪ್ರಿಲ್ 1974

ಪ್ರಿಯ ಎತೆಲ್ಕಾ,

ಕರವಸ್ತ್ರ ತಲುಪಿತು. ಇಲ್ಲಿ ಬಿಸಿಲು ಚೆನ್ನಾಗಿದೆ. ಟ್ರಾಮಿನಲ್ಲಿ ಜನ ಜಾಸ್ತಿ. ಈಸ್ಟರ್ ಸೋಮವಾರ ನಿನ್ನ ಮನೆಗೆ ಬಂದು ಪದ್ಧತಿಯಂತೆ ತಲೆಯ ಮೇಲೆ ಸುಗಂಧ ಚಿಮುಕಿಸಲಾಗಲಿಲ್ಲ, ಅದಕ್ಕೆ ಶೀಶೆಯನ್ನೇ ಕಳಿಸಿದ್ದೇನೆ. ನಿನಗಿಷ್ಟವಾದ ಲ್ಯಾವೆಂಡರ್.

ಧ್ವನಿಯ ವಿಷಯ ತಲೆ ಕೆಡಿಸಿಕೊಳ್ಳಬೇಡ. ದೆಝೋ ಹೇಳುವ ಪ್ರಕಾರ ನಾನು ಸ್ಟುಡಿಯೋದಲ್ಲಿ ಕಾಗದ ನೋಡಿಕೊಂಡು ಮಾತನ್ನೆಲ್ಲ ಹೊಸದಾಗಿ ಹೇಳಿದರೆ ಸಾಕಂತೆ. ಯಾರಿಗೂ ಏನೂ ಗೊತ್ತಾಗುವುದಿಲ್ಲ.

ವಿದೋರ್


ಬಾಯಾ
26 ಏಪ್ರಿಲ್ 1974

ಶೀಶೆ ವಾಪಸು ಕಳಿಸಿದ್ದೇನೆ. ಮುಚ್ಚಳ ತೆಗೆದಿಲ್ಲ. ನನಗಿಷ್ಟ ಲ್ಯಾವೆಂಡರ್ ಅಲ್ಲ, ಲಿಲ್ಲಿ.

ಬೊ. ಎ.


ಬುಡಾಪೆಸ್ಟ್
6 ಮೇ 1974

ಎತೆಲ್ಕಾ, ಎತೆಲ್ಕಾ!

ಬೈಯುವುದಿದ್ದರೆ ಪೂರ್ತಿ ಓದಿ ಬೈ. ಇವತ್ತು ಸ್ಟುಡಿಯೋಗೆ ಹೋಗಿದ್ದೆ, ಕಾಗದ ನೋಡಿಕೊಂಡು ಹೇಳಲು. ಅದಕ್ಕೂ ಮುಂಚೆ ದೆಝೋ ಹಳೆಯ ಟೇಪ್ ಹಾಕಿದ, ತುಟಿ ಎಲ್ಲಿ ಅಲುಗುತ್ತದೆ ಎಂದು ನೋಡಿಕೊಳ್ಳಲಿ ಅಂತ. ಪರದೆಯ ಮೇಲೆ ನನ್ನ ಮುಖ. ನನ್ನ ತುಟಿ ಅಲುಗುವ ಮುಂಚೆ, ಎಲ್ಲಿಂದಲೋ, ಒಂದು ಹೆಣ್ಣುದನಿ, ಉಸಿರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ: 'ಈ ನ್ಯಾಯಪೀಠದ ಮುಂದೆ'. ಆಮೇಲೆ ನನ್ನ ಕಿವಿ ಚೂರು ವಾಲುತ್ತದೆ. ಆಮೇಲೆ ನನ್ನ ಬಾಯಿ: 'ಈ ನ್ಯಾಯಪೀಠದ ಮುಂದೆ'. ಮತ್ತೆ ಅವಳು. ಮತ್ತೆ ನಾನು. ಒಂಬತ್ತು ನಿಮಿಷ ಕೋಣೆಯಲ್ಲಿ ಯಾರೂ ಸಿಗರೇಟು ಹಚ್ಚಲಿಲ್ಲ. ನನ್ನ ಮೈ ರೋಮ ನಿಂತವು ಕಣೇ, ನನ್ನನ್ನೇ ನೋಡಿ ನನಗೇ ಭಯವಾಯಿತು.

ಬಾಲಿಂತ್ ಎದ್ದು ನಿಂತ. "ದೆಝೋ, ಅಳಿಸ್ಬೇಡ! ಕೈ ತೆಗಿ ಆ ಗುಂಡಿ ಮೇಲಿಂದ! ಇದು ವೆರೋನ್ ಕಣಯ್ಯಾ! ಗಲ್ಲಿಗೆ ಹೋದೋಳು ಅವನಿಗೆ ಅವನದೇ ತೀರ್ಪು ಹೇಳಿಕೊಡ್ತಿದ್ದಾಳೆ. ತಪ್ಪಿಸ್ಕೊಳ್ಳೋಕೆ ಬಿಡ್ತಿಲ್ಲ. ಆ ಹೆಂಗಸು ಎಲ್ಲಿ? ನಂಗೆ ಆ ಹೆಂಗಸು ಬೇಕು!"

ಕೊನೆಯ ದೃಶ್ಯಕ್ಕೂ ನಿನ್ನ ದನಿ ಬೇಕಂತೆ. ನಾನು, "ಯಾರೋ ಹಳ್ಳಿಯೋಳು, ಹುಡುಕಿಸ್ತೀನಿ" ಅಂದೆ. ಆದ್ದರಿಂದ ಒಂದು ಉಪಾಯ. ನೀನು ತಲೆಗೊಂದು ಹೂವಿನ ವಸ್ತ್ರ ಕಟ್ಟಿಕೊಂಡು ಆ ಹಳ್ಳಿಯ ಹೆಂಗಸೆಂದೇ ಬಂದುಬಿಟ್ಟರೆ ನಿನ್ನ ಕೆಲಸವೂ ಆಯಿತು, ನನ್ನ ಮಾನವೂ ಉಳಿಯಿತು.

ಆತುರದಲ್ಲಿ,
ವಿದೋರ್


ಬಾಯಾ
10 ಮೇ 1974

ಮಾನ್ಯ ಕಲಾವಿದರಿಗೆ,

ಪೂರ್ತಿ ಓದಿದೆ. ಈಗ ಬೈಯುತ್ತೇನೆ.

ನಾಚಿಕೆಯಾಗಬೇಕು ನಿಮಗೆ! ಎಪ್ಪತ್ತೆರಡು ವರ್ಷವಾದ ಮನುಷ್ಯ, ಒಂದು ಸುಳ್ಳು ಮುಚ್ಚಲು ನನ್ನ ತಲೆಗೆ ಹೂವಿನ ವಸ್ತ್ರ ಕಟ್ಟುತ್ತೀರಾ? ನಾನು ಹಳ್ಳಿಯವಳಲ್ಲ, ನೆಲ ಒರೆಸುವವಳೂ ಅಲ್ಲ. ಒರೆಸಿದ್ದರೆ ಒರೆಸಿದ್ದೇನೆಂದು ತಲೆಯೆತ್ತಿ ಹೇಳುತ್ತಿದ್ದೆ. ಈ ದೇಶದಲ್ಲಿ ನನ್ನಷ್ಟು ಚೆನ್ನಾಗಿ ಪಿಸುಗುಟ್ಟುವವರು ಇನ್ನೊಬ್ಬರಿಲ್ಲ. ಇಷ್ಟು ವರ್ಷದಲ್ಲಿ ಇದನ್ನು ನಾನು ನನಗೇ ಹೇಳಿಕೊಂಡಿರಲಿಲ್ಲ.

ಬರುತ್ತೇನೆ. ಆದರೆ ಬೊರ್ಬಾಶ್ ಎತೆಲ್ಕಾ ಆಗಿ, ನನ್ನ ಬೂದು ಕೋಟು ಹಾಕಿಕೊಂಡು, ಮುಂಬಾಗಿಲಿನಿಂದ. ಅದಕ್ಕೆ ಮುಂಚೆ ನಾನು ಯಾರು, ಮೇಜಿನಡಿ ಯಾಕಿದ್ದೆ ಎಂದು ನೀವೇ ಬಾಯಿಬಿಟ್ಟು ಹೇಳಿರಬೇಕು. ಬಾಲಿಂತ್‌ಗೆ ಗುಟ್ಟಾಗಿ ಅಲ್ಲ, ಆವತ್ತು ಅಲ್ಲಿದ್ದವರೆಲ್ಲರ ಎದುರು. ಮತ್ತೆ ಸಿನಿಮಾದ ಕೊನೆಯಲ್ಲಿ ನನ್ನ ಹೆಸರು ಬರಬೇಕು. 'ಸಹಕಾರ' ಎಂದು ದರ್ಜಿ, ಅಡುಗೆಯವರ ಜೊತೆಗಲ್ಲ, ಪಾತ್ರಧಾರಿಗಳ ಜೊತೆ.

ಆಗದಿದ್ದರೆ ಕಾಗದ ನೋಡಿಕೊಂಡು ಓದಿ. ಯಾರೂ ಹೆದರುವುದಿಲ್ಲ, ಅಷ್ಟೇ.

ನಲವತ್ತೊಂದನೇ ಪುಟದ ಸಾಲನ್ನು ಬಾಲಿಂತ್‌ಗೆ ತೋರಿಸಿ.

ಬೊರ್ಬಾಶ್ ಎತೆಲ್ಕಾ


ಬುಡಾಪೆಸ್ಟ್
3 ಜೂನ್ 1974

ಎತೆಲ್ಕಾ,

ಮೂರು ವಾರ ಬೇಕಾಯಿತು. ನಾನು ಹೇಡಿ. ಮೂರು ಸಲ ಸ್ಟುಡಿಯೋದ ಬಾಗಿಲಿನವರೆಗೆ ಹೋಗಿ ವಾಪಸು ಬಂದೆ.

ಇವತ್ತು ಹೇಳಿದೆ. ಕ್ಯಾಂಟೀನಿನಲ್ಲಿ, ಎಲ್ಲರೂ ಎಲೆಕೋಸಿನ ಪಲ್ಯ ತಿನ್ನುತ್ತಿದ್ದಾಗ. ತಟ್ಟೆಗೆ ಚಮಚ ಬಡಿದು ಎದ್ದು ನಿಂತೆ. ಯಾವ ಮಾತೂ ಸಿದ್ಧ ಮಾಡಿಕೊಂಡಿರಲಿಲ್ಲ, ಮಾಡಿಕೊಂಡಿದ್ದರೂ ಮರೆಯುತ್ತಿದ್ದೆ. "ಆವತ್ತು ಮೇಜಿನಡಿ ಸಿಕ್ಕೋಳು ನೆಲ ಒರೆಸೋಳಲ್ಲ. ಬೊರ್ಬಾಶ್ ಎತೆಲ್ಕಾ ಅಂತ. ನನ್ನ ಪ್ರಾಂಪ್ಟರ್. ನಂಗೆ ಮಾತು ನೆನಪಿರಲ್ಲ. ಎಂಟು ವರ್ಷದಿಂದ ಇರಲ್ಲ. ಅವಳು ನಿವೃತ್ತಿಯಾದ ದಿನವೇ ನಾನೂ ನಾಟಕ ಬಿಟ್ಟೆ. ಜನ ಅಂದ್ಕೊಂಡ್ರು, ಕೆರ್ತಾಯಿ ಕೀರ್ತಿಯ ತುದೀಲಿ ಇಳಿದುಬಿಟ್ಟ ಅಂತ. ತುದಿಯೂ ಇಲ್ಲ, ಮಣ್ಣೂ ಇಲ್ಲ. ಅವಳಿಲ್ದೆ ನಂಗೆ ಬಾಯೇ ಇರ್ಲಿಲ್ಲ. ಅವಳನ್ನ ಗೊತ್ತಿಲ್ಲ ಅಂದೆ. ಅದು ನಾನು ಮಾಡಿದ ಅತ್ಯಂತ ಕೆಟ್ಟ ನಟನೆ."

ಇದನ್ನು ನಿನಗೂ ಹೇಳಿರಲಿಲ್ಲ, ಅಲ್ಲವೇ, ನೀನು ಬಿಟ್ಟಿದ್ದಕ್ಕೇ ನಾನು ಬಿಟ್ಟೆ ಅಂತ. ಹೇಳಲು ಬಾಯಿ ಬರಲಿಲ್ಲ.

ನಗುತ್ತಾರೆ ಅಂದುಕೊಂಡಿದ್ದೆ. ಯಾರೂ ನಗಲಿಲ್ಲ. ದೆಝೋ ಬ್ರೆಡ್ಡು ಕೆಳಗಿಟ್ಟ. "ನಾನು ಆ ತಾಯೀನ ತೋಳು ಹಿಡಿದು ಎಳೆದ್ನಲ್ಲಪ್ಪಾ" ಎಂದು ತಲೆ ಮೇಲೆ ಕೈ ಹೊತ್ತು ಕೂತ. ಬಾಲಿಂತ್ ನಿನ್ನ ನಲವತ್ತೊಂದನೇ ಪುಟವನ್ನು ಎರಡು ಸಲ ಓದಿ, "ನೂರು ವರ್ಷದಿಂದ ಈ ಸಾಲು ಇಲ್ಲೇ ಬಿದ್ದಿತ್ತು, ನಮ್ಮ ಕಣ್ಣಿಗೇನಾಗಿತ್ತು?" ಅಂದ. ಆಮೇಲೆ ನನ್ನ ಕಡೆ ತಿರುಗಿ, "ಕಲಾವಿದರೇ, ಮುಂದಿನ ವಾರ ಅವರನ್ನ ಕರ್ಕೊಂಡು ಬರೋಕೆ ನಾನೇ ಸ್ಟೇಷನ್‌ಗೆ ಹೋಗ್ತೀನಿ. ನೀವು ಲಿಲ್ಲಿ ಹೂ ತನ್ನಿ" ಅಂದ. ಲಿಲ್ಲಿಯ ವಿಷಯ ನಾನೇ ಹೇಳಿದ್ದೆ.

ಎಂಟು ವರ್ಷದ ಮೇಲೆ ಇವತ್ತು ಹೊಟ್ಟೆ ತುಂಬ ಊಟ ಮಾಡಿದೆ. ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ಬಂದು ಬೈ.

ವಿದೋರ್


ಬಾಯಾ
4 ನವೆಂಬರ್ 1974, ಸೋಮವಾರ

ವಿದೋರ್,

ಜೂನ್‌ನಲ್ಲಿ ದೆಝೋ ನಮ್ಮಿಬ್ಬರ ಕೈಗೂ ಗ್ಲಾಸು ಕೊಟ್ಟು, ಬಹುವಚನ ಬಿಡುವ ಪದ್ಧತಿಯಂತೆ ತೋಳಿಗೆ ತೋಳು ಹೆಣೆಸಿ ಕುಡಿಸಿದ ಮೇಲೂ 'ನೀನು' ಎಂದು ಬರೆಯಲು ಪೆನ್ನು ತಡೆಯುತ್ತದೆ. ಬರೆಯುತ್ತೇನೆ. ನೀನು. ನೋಡು, ಆಯಿತು.

ನಿನ್ನೆಯ ವಿಷಯ ಹೇಳುತ್ತೇನೆ, ಎಲ್ಲಿಂದ ಶುರು ಮಾಡಲಿ? ಶುಕ್ರವಾರ, ಶನಿವಾರ ಸತ್ತವರ ಹಬ್ಬಕ್ಕೆಂದು ಎಲ್ಲರಂತೆ ನಾವೂ ಸ್ಮಶಾನಕ್ಕೆ ಹೋಗಿ ಅಪ್ಪ ಅಮ್ಮನ ಸಮಾಧಿಗೆ ಸೇವಂತಿಗೆ ಇಟ್ಟು, ಮೇಣದ ಬತ್ತಿ ಹಚ್ಚಿ ಬಂದಿದ್ದೆವು. ಭಾನುವಾರ ಸಂಜೆ ಟಿವಿಯಲ್ಲಿ ನಮ್ಮ ಸಿನಿಮಾ ನೋಡಲು ಪಿರೋಶ್ಕಾಳ ಮನೆಗೆ ಹದಿನೆಂಟು ಜನ, ಅವರವರ ಕುರ್ಚಿ ಅವರವರೇ ಹೊತ್ತುಕೊಂಡು ಬಂದರು. ನಾನು ಯಾರಿಗೂ ಏನೂ ಹೇಳಿರಲಿಲ್ಲ. ನನ್ನ ತಂಗಿಗೂ. ಹೆಸರು ಹಾಕದೇ ಹೋದರೆ ಎಂಬ ಹೆದರಿಕೆ.

ನೀನು ಬಂದೆ. ಕೂತೆ. ಎಷ್ಟು ಚೆಂದ ಕೂತೆ! ಅಭಿನಯಿಸುವಾಗ ನಿನ್ನ ಮುಖವನ್ನು ಅಷ್ಟು ಹತ್ತಿರದಿಂದ ನಾನು ನೋಡಿಯೇ ಇರಲಿಲ್ಲ, ಗೂಡಿನಿಂದ ನನಗೆ ಕಾಣುತ್ತಿದ್ದುದು ಬೂಟು, ಗಲ್ಲದ ಕೆಳಭಾಗ. ಆಮೇಲೆ ಆ ದನಿ ಬಂತು. ಪಿರೋಶ್ಕಾ, "ಅಯ್ಯೋ, ಯಾರೇ ಅದು ಮಾತಾಡ್ತಿರೋದು?" ಎಂದು ನನ್ನ ಕೈ ಹಿಡಿದುಕೊಂಡಳು. ಅಂಚೆಯ ಮಿಹಾಯ್ ಹಿಂದೆ ತಿರುಗಿ ಬಾಗಿಲು ನೋಡಿದ. ಕಟುಕ ಲೋರಾಂತ್, ದಿನಕ್ಕೆ ಎರಡು ಹಂದಿ ಕೊಯ್ಯುವವನು, ಕಾಲು ಎತ್ತಿ ಕುರ್ಚಿಯ ಮೇಲಿಟ್ಟುಕೊಂಡ. ನಾನು ಒಳಗೊಳಗೇ ನಕ್ಕು ಸಾಕಾಯಿತು, ವಿದೋರ್. ಇವರೆಲ್ಲ ನನಗೆ ಹೆದರುತ್ತಿದ್ದಾರೆ, ನಾನು ಇಲ್ಲೇ ಅವರ ಪಕ್ಕದಲ್ಲಿ ಕೂತು ಬಿಸ್ಕತ್ತು ತಿನ್ನುತ್ತಿದ್ದೇನೆ!

ಕೊನೆಗೆ ಹೆಸರುಗಳು. ಮೊದಲು: 'ನ್ಯಾಯಾಧೀಶ: ಕೆರ್ತಾಯಿ ವಿದೋರ್'. ಅದರ ಕೆಳಗೇ, ಅಷ್ಟೇ ದೊಡ್ಡ ಅಕ್ಷರದಲ್ಲಿ: 'ವೆರೋನ್: ಬೊರ್ಬಾಶ್ ಎತೆಲ್ಕಾ'.

ನನ್ನ ತಂಗಿ ಕಿರುಚಿದಳು, "ನಮ್ಮ ಎತೆಲ್ಕಾನೇ ಇದು! ನಮ್ಮನೇಲಿ ಮೀನು ಹೆಚ್ಚೋ ಎತೆಲ್ಕಾ!" ಹದಿನೆಂಟು ಜನವೂ ಎದ್ದು ನಿಂತು ಚಪ್ಪಾಳೆ ಹೊಡೆದರು. ಲೋರಾಂತ್ ನನ್ನ ಕೈಗೆ ಮುತ್ತಿಟ್ಟು, "ಎತೆಲ್ಕಾ ಅತ್ತೆ, ಇನ್ಮೇಲೆ ನೀವು ಅಂಗಡೀಲಿ ಮೆತ್ತಗೆ ಮಾತಾಡಿದ್ರೆ ನಂಗೆ ಭಯ" ಅಂದ. ನನಗೆ ಅಳು ಬಂತು. ಮುಚ್ಚುಮರೆಯಿಲ್ಲದೆ, ಎಲ್ಲರ ಎದುರೇ, ಮೂಗೊರೆಸಿಕೊಂಡು ಅತ್ತೆ. ಇಷ್ಟು ಸಂತೋಷ ನನಗೆ ಅಭ್ಯಾಸವಿಲ್ಲ.

ಇವತ್ತು ಟಿವಿಗೆ ರಜೆ. ಅದಕ್ಕೇ ಊರಿಗೆಲ್ಲ ಮಾತಾಡಲು ನಾನೊಬ್ಬಳೇ ಸಿಕ್ಕಿದ್ದೇನೆ. ಮೀನಿನ ಮಾರುಕಟ್ಟೆಯಲ್ಲಿ ನಾಲ್ಕು ಹೆಂಗಸರು ಅಡ್ಡ ಹಾಕಿ, 'ಈ ನ್ಯಾಯಪೀಠದ ಮುಂದೆ' ಎಂದು ಪಿಸುಗುಟ್ಟಿಸಿಕೊಂಡೇ ಬಿಟ್ಟರು.

ನಿನ್ನ
ಎತೆಲ್ಕಾ


ಬುಡಾಪೆಸ್ಟ್
11 ನವೆಂಬರ್ 1974

ಎತೆಲ್ಕಾ, ನನ್ನ ಬಾಯಿಯೇ,

ಇಲ್ಲೂ ಅದೇ ಗಲಾಟೆ. ಟ್ರಾಮಿನಲ್ಲಿ ಒಬ್ಬಳು ಎದ್ದು ಜಾಗ ಬಿಟ್ಟುಕೊಟ್ಟಳು. ಗೌರವವೆಂದುಕೊಂಡೆ. ಅಲ್ಲವಂತೆ, ನನ್ನ ಪಕ್ಕ ಕೂರಲು ಅವಳಿಗೆ ಹೆದರಿಕೆಯಂತೆ! ಪತ್ರಿಕೆಯವನೊಬ್ಬ ಬಂದು, "ಈ ವಯಸ್ಸಲ್ಲೂ ಅಷ್ಟುದ್ದ ಮಾತು ಹೇಗೆ ನೆನಪಿಟ್ಕೊಂಡ್ರಿ?" ಎಂದು ಕೇಳಿದ. "ನೆನಪಿಟ್ಟುಕೊಂಡಿಲ್ಲ, ಬರ್ಕೊಳ್ಳಿ" ಎಂದು ನಿನ್ನ ಹೆಸರನ್ನು ಒಂದೊಂದೇ ಅಕ್ಷರ ಹೇಳಿ ಬರೆಸಿದೆ. ಅಚ್ಚಾಗಿದೆ. ಕತ್ತರಿಸಿ ಇಟ್ಟಿದ್ದೇನೆ.

ಈಗ ದೊಡ್ಡ ಸುದ್ದಿ. ನಮ್ಮ ಹಳೆಯ ರಂಗಮಂದಿರದವರು ಫೋನ್ ಮಾಡಿದ್ದರು. ಜನವರಿಯಲ್ಲಿ 'ಹನ್ನೆರಡು ಬೆಳ್ಳಿ ಚಮಚ' ನಾಟಕ ಆಡಿಸುತ್ತಾರಂತೆ. ನ್ಯಾಯಾಧೀಶ ನಾನು, ವೆರೋನ್ ನೀನು. ಬೇರೆ ಯಾರೂ ಬೇಡವಂತೆ. ಮ್ಯಾನೇಜರ್ ಒಂದೇ ವಿಷಯ ಕೇಳಿದ: ಬೊರ್ಬಾಶ್ ಅವರ ಕುರ್ಚಿ ಎಲ್ಲಿಡಬೇಕು, ಗೂಡಿನಲ್ಲೋ, ಪರದೆಯ ಹಿಂದೋ, ಮೇಜಿನಡಿಯೋ? ನಿನ್ನನ್ನೇ ಕೇಳಿ ಹೇಳುತ್ತೇನೆ ಎಂದಿದ್ದೇನೆ.

ನಿನ್ನ ವಿದೋರ್


ಬಾಯಾ
15 ನವೆಂಬರ್ 1974

ವಿದೋರ್,

ರಂಗದ ನಡುವೆ ಇಡಲಿ, ನಿನ್ನ ಎಡಗಡೆ, ಪೂರ್ತಿ ಬೆಳಕಿನಲ್ಲಿ. ಎತ್ತರದ ಕುರ್ಚಿ ಇರಲಿ, ಮಂಡಿನೋವು.

ಮತ್ತೆ ಕುರ್ಚಿಯನ್ನು ಜನರ ಕಡೆ ತಿರುಗಿಸಿ ಇಡಲು ಹೇಳು. ಮೂವತ್ತೊಂದು ವರ್ಷ ಆ ರಂಗಮಂದಿರ ತುಂಬಿ ತುಳುಕಿದಾಗಲೆಲ್ಲ ನಾನು ಅಲ್ಲೇ ಇದ್ದೆ, ಆದರೆ ಗೂಡಿನಲ್ಲಿ ಜನರಿಗೆ ಬೆನ್ನು ಮಾಡಿ ಕೂತಿದ್ದೆ. ಅವರು ನಕ್ಕಿದ್ದು ಕೇಳಿದ್ದೇನೆ, ಅತ್ತಿದ್ದು ಕೇಳಿದ್ದೇನೆ, ಒಬ್ಬರ ಮುಖವನ್ನೂ ನೋಡಿಲ್ಲ. ಈ ಸಲ ಎಲ್ಲರನ್ನೂ ನೋಡಬೇಕು.

ನೀನು ಹೆದರಬೇಡ. ನಿನ್ನ ಬೂಟು ನನಗೆ ನೋಡದೆಯೂ ಗೊತ್ತು.

ಎತೆಲ್ಕಾ